ಪಿಕಪ್ ಟ್ರಕ್ಕಿಗೆ ಡೀಸೆಲ್ ಎಂಜಿನ್ ಬೇಕೆ?

ಪಿಕಪ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಟೊಮೇಟೊ ಕ್ರೇಟುಗಳನ್ನು ಹೇರಿಕೊಂಡು ಬೆಳಗಿನ ಜಾವ ಕೋಲಾರದ ಮಾರುಕಟ್ಟೆಗೆ ಬರುವ ಪುಟ್ಟ ವಾಹನ. ಅದು ಡೀಸೆಲಿನಲ್ಲಿ ಓಡುತ್ತದೆ ಎಂದರೆ ಏಕೆಂದು ಯಾರೂ ಕೇಳುವುದಿಲ್ಲ. ಹೊರೆಯ ಗಾಡಿಗೆ ಡೀಸೆಲ್, ಹಗುರ ಗಾಡಿಗೆ ಪೆಟ್ರೋಲ್ ಎಂಬ ತಿಳಿವಳಿಕೆ ನಮ್ಮಲ್ಲಿ ಅಷ್ಟು ಬೇರೂರಿದೆ.

ಪಿಕಪ್‌ಗಳ ತವರಾದ ಅಮೆರಿಕದಲ್ಲಿ ಚಿತ್ರ ಬೇರೆ. ಅಲ್ಲಿನ ಪಿಕಪ್ ಎರಡು ಟನ್‌ಗೂ ಹೆಚ್ಚು ತೂಗುವ ದೊಡ್ಡ ವಾಹನ. ಅದು ರೈತನ ಗಾಡಿಯೂ ಹೌದು, ಮಕ್ಕಳನ್ನು ಶಾಲೆಗೆ ಬಿಡುವ ಮನೆಯ ಕಾರೂ ಹೌದು. ಅಲ್ಲಿ ಅತಿ ಹೆಚ್ಚು ಮಾರಾಟವಾಗುವುದು 'ಅರ್ಧ ಟನ್' ಎಂಬ ಹಳೆಯ ಹೆಸರಿನ ವರ್ಗ. ಫೋರ್ಡ್ ಎಫ್-150, ಷೆವ್ರೊಲೆ ಸಿಲ್ವರಾಡೊ 1500, ರ‍್ಯಾಮ್ 1500 ಈ ವರ್ಗಕ್ಕೆ ಸೇರಿದವು. ಈ ಹೆಸರು ಹಿಂದಿನ ಹೊರೆ ಸಾಮರ್ಥ್ಯದ ನೆನಪು ಮಾತ್ರ. ಇಂದಿನ ವಾಹನಗಳು ಅರ್ಧ ಟನ್ನಿಗಿಂತ ಹೆಚ್ಚನ್ನೇ ಹೊರುತ್ತವೆ. ಇವು ಬಹುಮಟ್ಟಿಗೆ ಪೆಟ್ರೋಲ್ ವಾಹನಗಳು. ಡೀಸೆಲ್ ಬೇಕೆನ್ನುವವರು ಕೆಲವು ಸಾವಿರ ಡಾಲರ್ ಹೆಚ್ಚು ತೆತ್ತು ಅದನ್ನು ಆಯ್ದುಕೊಳ್ಳಬೇಕು.

ಈ ಆಯ್ಕೆಯ ಇತ್ತೀಚಿನ ಕಥೆ ಕುತೂಹಲಕಾರಿ. ರ‍್ಯಾಮ್ 1500ಕ್ಕೆ 3 ಲೀಟರ್ ಡೀಸೆಲ್ ಎಂಜಿನ್ ಬಂದದ್ದು 2014ರ ಮಾದರಿಯಲ್ಲಿ. 2023ರಲ್ಲಿ ಅದು ನಿಂತಿತು. ಫೋರ್ಡ್ ಎಫ್-150ಕ್ಕೆ 2018ರಲ್ಲಿ ಬಂದ ಡೀಸೆಲ್ 2021ರಲ್ಲೇ ನಿಂತಿತು. ಜನರಲ್ ಮೋಟಾರ್ಸ್ 2020ರ ಮಾದರಿಯಲ್ಲಿ ತಂದ 3 ಲೀಟರ್, ಆರು ಸಿಲಿಂಡರಿನ ಡ್ಯೂರಾಮ್ಯಾಕ್ಸ್ ಒಂದೇ 2025ರ ಮಾದರಿಯವರೆಗೂ ಉಳಿದುಕೊಂಡಿತು. ಉತ್ತಮವೆಂದು ಹೊಗಳಿಸಿಕೊಂಡ ಎಂಜಿನ್ ಹೀಗೆ ಬಂದು ಹೋಗುವುದೇಕೆ? ಅದರ ಪರವಾಗಿ ಹೇಳುವ ಮಾತುಗಳಲ್ಲಿ ಎಷ್ಟು ವಿಜ್ಞಾನವಿದೆ, ಎಷ್ಟು ಅಭ್ಯಾಸಬಲವಿದೆ? ಒಂದೊಂದಾಗಿ ಪರಿಶೀಲಿಸೋಣ.

ಡೀಸೆಲಿನ ನಿಜವಾದ ಬಲ

ಮೊದಲು ಡೀಸೆಲ್ ಎಂಜಿನ್ನಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸೋಣ. ರುಡಾಲ್ಫ್ ಡೀಸೆಲ್ 1893ರಲ್ಲಿ ಪೇಟೆಂಟ್ ಪಡೆದು, 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ಎಂಜಿನ್ನಿನ ದಕ್ಷತೆ ಸುಮಾರು ಶೇಕಡಾ 26. ಅಂದಿನ ಸಾಮಾನ್ಯ ಉಗಿಯಂತ್ರಗಳಿಗೆ ಅದರ ಅರ್ಧವೂ ಇರಲಿಲ್ಲ.

ಈ ದಕ್ಷತೆಯ ಗುಟ್ಟು ನಿಮಗೆ ತಿಳಿದಿರುವಂತೆ ಸಂಪೀಡನದಲ್ಲಿದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣವನ್ನು ತುಂಬಾ ಒತ್ತಿದರೆ ಅದು ಹೊತ್ತಿಗೆ ಮುಂಚೆ ತಾನಾಗಿ ಸಿಡಿದು 'ಟಕಟಕ' ಬಡಿತ ಉಂಟಾಗುತ್ತದೆ. ಡೀಸೆಲ್ ಎಂಜಿನ್ ಬರಿಯ ಗಾಳಿಯನ್ನು ಅದರ ಗಾತ್ರ ಹದಿನಾರನೆಯ ಒಂದು ಪಾಲಿನಷ್ಟಾಗುವವರೆಗೆ ಒತ್ತಿ, ಕಾದ ಆ ಗಾಳಿಗೆ ಇಂಧನವನ್ನು ಚಿಮ್ಮಿಸುತ್ತದೆ. ಹೆಚ್ಚು ಒತ್ತಿದಷ್ಟೂ ಹೆಚ್ಚು ಹಿಗ್ಗಲು ಅವಕಾಶ. ಹೆಚ್ಚು ಹಿಗ್ಗಿದಷ್ಟೂ ಉಷ್ಣದ ಹೆಚ್ಚಿನ ಪಾಲು ಕೆಲಸವಾಗುತ್ತದೆ. ಜೊತೆಗೆ, ಪೆಟ್ರೋಲ್ ಎಂಜಿನ್ ಹಗುರವಾಗಿ ಓಡುವಾಗ ಥ್ರಾಟಲ್ ಎಂಬ ಅರೆಮುಚ್ಚಿದ ಬಾಗಿಲಿನ ಮೂಲಕ ಪ್ರಯಾಸದಿಂದ ಉಸಿರೆಳೆಯಬೇಕು. ಡೀಸೆಲಿಗೆ ಈ ಕಷ್ಟವಿಲ್ಲ. ಇಂಧನದ ಪ್ರಮಾಣ ಬದಲಿಸಿದರೆ ಸಾಕು.

ಆದ್ದರಿಂದ ಡೀಸೆಲಿನ ಮೇಲುಗೈ ಬರಿಯ ನಂಬಿಕೆಯಲ್ಲ, ಉಷ್ಣಗತಿವಿಜ್ಞಾನ. ನಮ್ಮ ತಕರಾರು ಇರುವುದು ಆ ಮೇಲುಗೈಯನ್ನು ಅಳೆಯುವ ರೀತಿಯಲ್ಲಿ.

ಮೊದಲ ಮಾತು: ಮೈಲೇಜ್

ಅಮೆರಿಕದಲ್ಲಿ ಇಂಧನ ಮಿತವ್ಯಯವನ್ನು ಗ್ಯಾಲನ್ನಿಗೆ ಎಷ್ಟು ಮೈಲಿ ಎಂದು ಅಳೆಯುತ್ತಾರೆ. 2018ರ ಎಫ್-150 ಡೀಸೆಲ್ ಹೆದ್ದಾರಿಯಲ್ಲಿ ಗ್ಯಾಲನ್ನಿಗೆ 30 ಮೈಲಿ, ಅಂದರೆ ಲೀಟರಿಗೆ ಸುಮಾರು 12.7 ಕಿಲೋಮೀಟರ್ ಕೊಡುತ್ತದೆಂಬುದು ದೊಡ್ಡ ಸುದ್ದಿಯಾಯಿತು. ಪೂರ್ಣ ಗಾತ್ರದ ಪಿಕಪ್‌ಗೆ ಇದು ನಿಜಕ್ಕೂ ಸಾಧನೆ. ಆದರೆ ನಗರ ಮತ್ತು ಹೆದ್ದಾರಿ ಸೇರಿಸಿದ ಅಧಿಕೃತ ಅಂಕಿಯನ್ನು ನೋಡಿ. ಹಿಂದಿನ ಚಕ್ರಗಳಿಂದ ಮಾತ್ರ ಚಲಿಸುವ ಮಾದರಿಯಲ್ಲಿ ಡೀಸೆಲಿಗೆ 25 ಮೈಲಿ. ಅದೇ ವರ್ಷದ 2.7 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ನಿಗೆ 22 ಮೈಲಿ. ಲೀಟರ್ ಲೆಕ್ಕದಲ್ಲಿ ಇವು ಕ್ರಮವಾಗಿ ಸುಮಾರು 10.6 ಮತ್ತು 9.35 ಕಿಲೋಮೀಟರ್. ಡೀಸೆಲ್ ಸುಮಾರು ಶೇಕಡಾ 14ರಷ್ಟು ಮುಂದು.

ಇಲ್ಲೊಂದು ಪ್ರಶ್ನೆ ಕೇಳಿಕೊಳ್ಳಿ: ಒಂದು ಲೀಟರ್ ಡೀಸೆಲ್ ಮತ್ತು ಒಂದು ಲೀಟರ್ ಪೆಟ್ರೋಲ್ ಸಮಾನ ವಸ್ತುಗಳೇ? ಅಲ್ಲ. ಕಿಲೋಗ್ರಾಂ ಲೆಕ್ಕದಲ್ಲಿ ಎರಡರ ಶಕ್ತಿ ಹೆಚ್ಚುಕಡಿಮೆ ಒಂದೇ. ಆದರೆ ಡೀಸೆಲ್ ಹೆಚ್ಚು ಸಾಂದ್ರ. ಒಂದು ಲೀಟರ್ ಪೆಟ್ರೋಲ್ ಸುಮಾರು 740 ಗ್ರಾಂ ತೂಗಿದರೆ ಡೀಸೆಲ್ ಸುಮಾರು 840 ಗ್ರಾಂ ತೂಗುತ್ತದೆ. ಬಂಕಿನಲ್ಲಿ ನಾವು ಕೊಳ್ಳುವುದು ಗಾತ್ರವನ್ನು, ಎಂಜಿನ್ ಸುಡುವುದು ದ್ರವ್ಯವನ್ನು.

ಈಗ ಲೆಕ್ಕ ಮಾಡಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂಕಿಗಳ ಪ್ರಕಾರ ಒಂದು ಗ್ಯಾಲನ್ ಪೆಟ್ರೋಲ್ ಉರಿದರೆ 8,887 ಗ್ರಾಂ, ಒಂದು ಗ್ಯಾಲನ್ ಡೀಸೆಲ್ ಉರಿದರೆ 10,180 ಗ್ರಾಂ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. 8,887ನ್ನು 22ರಿಂದ ಭಾಗಿಸಿದರೆ ಮೈಲಿಗೆ 404 ಗ್ರಾಂ. 10,180ನ್ನು 25ರಿಂದ ಭಾಗಿಸಿದರೆ ಮೈಲಿಗೆ 407 ಗ್ರಾಂ. ಜಾಹೀರಾತಿನಲ್ಲಿ ಶೇಕಡಾ 14ರಷ್ಟು ಮುಂದಿದ್ದ ಡೀಸೆಲ್, ಹವಾಗುಣದ ಲೆಕ್ಕಕ್ಕೆ ಬಂದಾಗ ಒಂದು ಹೆಜ್ಜೆಯೂ ಮುಂದಿಲ್ಲ!

ಎಲ್ಲ ಡೀಸೆಲ್‌ಗಳ ಕಥೆಯೂ ಹೀಗೆಯೇ ಎಂದು ತೀರ್ಮಾನಿಸುವುದು ಅನ್ಯಾಯವಾದೀತು. 2020ರ ಸಿಲ್ವರಾಡೊ ಡೀಸೆಲಿನ ಅಧಿಕೃತ ಸರಾಸರಿ ಗ್ಯಾಲನ್ನಿಗೆ 27 ಮೈಲಿ. ಅದೇ ಕಂಪನಿಯ 2.7 ಲೀಟರ್ ಟರ್ಬೊ ಪೆಟ್ರೋಲಿಗೆ 21. ಇದೇ ರೀತಿ ಭಾಗಿಸಿ ನೋಡಿದರೆ ಡೀಸೆಲಿಗೆ ಮೈಲಿಗೆ 377 ಗ್ರಾಂ, ಪೆಟ್ರೋಲಿಗೆ 423 ಗ್ರಾಂ. ಸುಮಾರು ಶೇಕಡಾ 11ರಷ್ಟು ನಿಜವಾದ ಲಾಭ ಇಲ್ಲಿದೆ. ಆದರೂ ಮೈಲೇಜಿನ ಅಂಕಿ ಹೇಳುತ್ತಿದ್ದ ಶೇಕಡಾ 28ರ ಅರ್ಧದಷ್ಟೂ ಅದು ಇಲ್ಲವೆಂಬುದನ್ನು ಗಮನಿಸಿ. ಬೇರೆ ಬೇರೆ ಇಂಧನಗಳನ್ನು ಲೀಟರಿನಿಂದ ಹೋಲಿಸುವುದೆಂದರೆ ರಾಗಿಯನ್ನೂ ಅವಲಕ್ಕಿಯನ್ನೂ ಒಂದೇ ಸೇರಿನಲ್ಲಿ ಅಳೆದು ಯಾವುದರಲ್ಲಿ ಹೊಟ್ಟೆ ತುಂಬೀತೆಂದು ಹೇಳಿದಂತೆ.

ಜೇಬಿನ ಲೆಕ್ಕ

ಕೊಳ್ಳುವವನಿಗೆ ಗ್ರಾಂಗಿಂತ ಹಣ ಮುಖ್ಯ ತಾನೇ? ಅದನ್ನೂ ನೋಡೋಣ. ಎಫ್-150 ವರ್ಷಕ್ಕೆ 24,000 ಕಿಲೋಮೀಟರ್ ಓಡುತ್ತದೆಂದು ಇಟ್ಟುಕೊಳ್ಳಿ. ಪೆಟ್ರೋಲಾದರೆ ಸುಮಾರು 2,570 ಲೀಟರ್, ಡೀಸೆಲಾದರೆ ಸುಮಾರು 2,260 ಲೀಟರ್ ಬೇಕು. ಉಳಿತಾಯ 310 ಲೀಟರ್. ಎರಡರ ಬೆಲೆಯೂ ಲೀಟರಿಗೆ 90 ಸೆಂಟ್ ಎಂದು ಭಾವಿಸಿದರೆ ವರ್ಷಕ್ಕೆ ಉಳಿಯುವುದು ಸುಮಾರು 280 ಡಾಲರ್. ಎಂಜಿನ್ನಿಗಾಗಿ 3,000 ಡಾಲರ್ ಹೆಚ್ಚು ಕೊಟ್ಟಿದ್ದರೆ ಅದು ಮರಳಲು ಹತ್ತು ವರ್ಷಕ್ಕೂ ಹೆಚ್ಚು ಬೇಕು.

ಎರಡೂ ಇಂಧನಗಳ ಬೆಲೆ ಒಂದೇ ಎಂಬುದು ಡೀಸೆಲಿಗೆ ನಾವು ಕೊಟ್ಟ ರಿಯಾಯಿತಿ. ಇಲ್ಲಿ ನಮ್ಮ ಅನುಭವ ನಮ್ಮನ್ನು ದಾರಿ ತಪ್ಪಿಸಬಲ್ಲದು. ನಮ್ಮಲ್ಲಿ ಡೀಸೆಲ್ ಸಾಮಾನ್ಯವಾಗಿ ಅಗ್ಗದ ಇಂಧನ. 2014ರ ಅಕ್ಟೋಬರಿನಲ್ಲಿ ಅದರ ಬೆಲೆಯ ಮೇಲಿನ ಸರ್ಕಾರಿ ನಿಯಂತ್ರಣ ಹೋದ ಮೇಲೂ ಅದು ಬಹುಮಟ್ಟಿಗೆ ಪೆಟ್ರೋಲಿಗಿಂತ ಅಗ್ಗವಾಗಿಯೇ ಉಳಿದಿದೆ. ಅಮೆರಿಕದಲ್ಲಿ ಇದಕ್ಕೆ ವಿರುದ್ಧ. ಅಲ್ಲಿನ ಕೇಂದ್ರ ತೆರಿಗೆ ಗ್ಯಾಲನ್ ಪೆಟ್ರೋಲಿಗೆ 18.4 ಸೆಂಟ್, ಡೀಸೆಲಿಗೆ 24.4 ಸೆಂಟ್. 2022ರಲ್ಲಿ ಅಲ್ಲಿ ಪೆಟ್ರೋಲಿನ ಸರಾಸರಿ ಬೆಲೆ ಗ್ಯಾಲನ್ನಿಗೆ ಸುಮಾರು 4 ಡಾಲರ್ ಇದ್ದರೆ ಡೀಸೆಲಿನದು ಸುಮಾರು 5 ಡಾಲರ್ ಇತ್ತು. ಮೈಲೇಜ್ ಶೇಕಡಾ 14ರಷ್ಟು ಹೆಚ್ಚಿರುವ ವಾಹನಕ್ಕೆ ಶೇಕಡಾ 25ರಷ್ಟು ತುಟ್ಟಿಯಾದ ಇಂಧನ ಹಾಕಿದರೆ ಉಳಿತಾಯವೆಲ್ಲಿ ಬಂತು? ಎಂಜಿನ್ ಒಂದೇ, ಭೌತವಿಜ್ಞಾನವೂ ಒಂದೇ. ದೇಶ ಬದಲಾದರೆ ಉತ್ತರ ಬದಲಾಗುತ್ತದೆ.

ಎರಡನೆಯ ಮಾತು: ಎಳೆಯುವ ಬಲ

'ಡೀಸೆಲಿಗೆ ಟಾರ್ಕ್ ಹೆಚ್ಚು, ಅದಕ್ಕೇ ಅದು ಹೆಚ್ಚು ಎಳೆಯುತ್ತದೆ' ಎಂಬುದು ಎಲ್ಲರೂ ಹೇಳುವ ಮಾತು. ಎಫ್-150 ಡೀಸೆಲಿನ ಟಾರ್ಕ್ ಸುಮಾರು 597 ನ್ಯೂಟನ್ ಮೀಟರ್, 2.7 ಲೀಟರ್ ಪೆಟ್ರೋಲಿನದು ಸುಮಾರು 542. ಸಾಮರ್ಥ್ಯದಲ್ಲಿ ಮಾತ್ರ ಡೀಸೆಲ್ 250 ಅಶ್ವಶಕ್ತಿ, ಪೆಟ್ರೋಲ್ 325.

ವಿದ್ಯಾರ್ಥಿಗಳು ಇಲ್ಲಿ ಎಚ್ಚರದಿಂದಿರಬೇಕು. ಎಂಜಿನ್ನಿನ ಟಾರ್ಕ್ ಚಕ್ರಕ್ಕೆ ತಲಪುವ ಮುನ್ನ ಗೇರುಗಳ ಮೂಲಕ ಹಾದು ಹಲವು ಪಟ್ಟು ಹೆಚ್ಚುತ್ತದೆ. ಎಷ್ಟು ಪಟ್ಟು ಎಂಬುದು ಗೇರಿನ ಕೈಯಲ್ಲಿದೆ. ಭಾರವನ್ನು ಇಂತಿಷ್ಟು ವೇಗದಲ್ಲಿ ಏರು ಹತ್ತಿಸಬಲ್ಲದೇ ಎಂಬುದನ್ನು ಕೊನೆಗೆ ನಿರ್ಧರಿಸುವುದು ಸಾಮರ್ಥ್ಯ. ಅಂದರೆ ಟಾರ್ಕ್ ಮತ್ತು ಕೋನೀಯ ವೇಗದ ಗುಣಲಬ್ಧ. ಟ್ರಕ್ ಮತ್ತು ಅದು ಎಳೆಯುವ ಟ್ರೇಲರ್ ಸೇರಿ 5,500 ಕಿಲೋಗ್ರಾಂ ಎನ್ನಿ. ಶೇಕಡಾ 6ರ ಏರನ್ನು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹತ್ತಲು ಗುರುತ್ವದ ವಿರುದ್ಧವೇ ಸುಮಾರು 72 ಕಿಲೋವಾಟ್ ಬೇಕು. ಗಾಳಿಯ ತಡೆ ಮತ್ತು ಚಕ್ರದ ತಡೆಗಳನ್ನು ಸೇರಿಸಿದರೆ ಬೇಡಿಕೆ 100 ಕಿಲೋವಾಟ್ ದಾಟುತ್ತದೆ. ಡೀಸೆಲ್ ಎಂಜಿನ್ ಗರಿಷ್ಠ 186, ಪೆಟ್ರೋಲ್ 242 ಕಿಲೋವಾಟ್ ಕೊಡಬಲ್ಲದು. ಎರಡೂ ಈ ಏರನ್ನು ಹತ್ತುತ್ತವೆ. 2018ರ ಎಫ್-150ರಲ್ಲಿ ಅತಿ ಭಾರವಾದ ಟ್ರೇಲರ್ ಎಳೆಯಲು ಕಂಪನಿ ಅನುಮತಿಸಿದ್ದು ಕೂಡ ಡೀಸೆಲಿಗಲ್ಲ. ಡೀಸೆಲಿನ ಮಿತಿ ಸುಮಾರು 5,170 ಕಿಲೋಗ್ರಾಂ ಆದರೆ 3.5 ಲೀಟರ್ ಟರ್ಬೊ ಪೆಟ್ರೋಲಿನ ಮಿತಿ ಸುಮಾರು 5,990.

ಹಾಗಾದರೆ ವ್ಯತ್ಯಾಸವೇ ಇಲ್ಲವೆ? ಇದೆ, ಅದು ಎಳೆಯಬಲ್ಲದೇ ಎಂಬುದರಲ್ಲಲ್ಲ, ಎಷ್ಟು ಹೊತ್ತು ಹೇಗೆ ಎಳೆಯುತ್ತದೆ ಎಂಬುದರಲ್ಲಿ. ಚಿಕ್ಕ ಟರ್ಬೊ ಪೆಟ್ರೋಲ್ ಎಂಜಿನ್ ದೀರ್ಘಕಾಲ ಭಾರಕ್ಕೆ ಸಿಕ್ಕಾಗ ಬಡಿತ ತಪ್ಪಿಸಲು ಕಿಡಿಯನ್ನು ತಡಮಾಡಬೇಕಾಗುತ್ತದೆ. ಕಾದ ಭಾಗಗಳನ್ನು ತಣಿಸಲು ಅಗತ್ಯಕ್ಕಿಂತ ಹೆಚ್ಚು ಇಂಧನ ಸುರಿಯಬೇಕಾದೀತು. ಹಗುರವಾಗಿ ಓಡುವಾಗ ತೋರುತ್ತಿದ್ದ ಮಿತವ್ಯಯ ಆಗ ಕರಗಿಹೋಗುತ್ತದೆ. ಡೀಸೆಲ್ ಎಂಜಿನ್ ಅದೇ ಕೆಲಸವನ್ನು ನಿಮಿಷಕ್ಕೆ ಎರಡು ಸಾವಿರದ ಆಸುಪಾಸಿನ ಸುತ್ತುಗಳಲ್ಲಿ, ಗದ್ದಲವಿಲ್ಲದೆ, ದಕ್ಷತೆ ಬಿಟ್ಟುಕೊಡದೆ ಮಾಡುತ್ತದೆ. ಕುದುರೆ ಸಾಕಣೆಯವನು, ದೋಣಿಯನ್ನೋ ಮನೆಗಾಡಿಯನ್ನೋ ಕಟ್ಟಿಕೊಂಡು ರಾಜ್ಯದಿಂದ ರಾಜ್ಯಕ್ಕೆ ಹೋಗುವವನು ಡೀಸೆಲನ್ನು ಮೆಚ್ಚುವುದು ಈ ಕಾರಣಕ್ಕೆ. ಅವನ ಮೆಚ್ಚುಗೆ ಸರಿಯಾದದ್ದೇ.

ಮೂರನೆಯ ಮಾತು: ಬಾಳಿಕೆ

ಡೀಸೆಲ್ ಎಂಜಿನ್ ಹೆಚ್ಚು ಬಾಳುತ್ತದೆ ಎಂಬ ಮಾತಿನಲ್ಲೂ ತಿರುಳಿದೆ. ಹೆಚ್ಚಿನ ಒತ್ತಡ ತಾಳಲು ಅದನ್ನು ಗಟ್ಟಿಮುಟ್ಟಾಗಿ ಕಟ್ಟುತ್ತಾರೆ. ಅದು ನಿಧಾನವಾಗಿ ತಿರುಗುತ್ತದೆ. ಆದರೆ ಗಟ್ಟಿತನ ಡೀಸೆಲ್ ಎಂಬ ಹೆಸರಿನಿಂದ ಬರುವುದಿಲ್ಲ, ವಿನ್ಯಾಸದಿಂದ ಬರುತ್ತದೆ. ಜನರಲ್ ಮೋಟಾರ್ಸ್ 1978ರಲ್ಲಿ ಅರ್ಧ ಟನ್ ಪಿಕಪ್‌ಗೂ ಕಾರುಗಳಿಗೂ ಅಳವಡಿಸಿದ 5.7 ಲೀಟರ್ ಓಲ್ಡ್ಸ್‌ಮೊಬೈಲ್ ಡೀಸೆಲ್ ಇದಕ್ಕೆ ಪಾಠ. ಪೆಟ್ರೋಲ್ ಎಂಜಿನ್ನಿನ ಮಾದರಿಯನ್ನೇ ಬಲಪಡಿಸಿ ಅದನ್ನು ರೂಪಿಸಿದ್ದರು. ಸಿಲಿಂಡರಿನ ತಲೆಯನ್ನು ಬಿಗಿಹಿಡಿಯುವ ಬೋಲ್ಟುಗಳ ವ್ಯವಸ್ಥೆ ಮಾತ್ರ ಹಳೆಯದೇ ಉಳಿಯಿತು. ಡೀಸೆಲಿನ ಒತ್ತಡಕ್ಕೆ ಅವು ಸೋತವು; ಇಂಧನದಲ್ಲಿನ ನೀರನ್ನು ಬೇರ್ಪಡಿಸುವ ಸಾಧನವೂ ಇಲ್ಲದೆ ತೊಂದರೆ ಹೆಚ್ಚಿತು. 1985ರಲ್ಲಿ ಆ ಎಂಜಿನ್ ನಿಂತಿತು. ಕಾರುಕೊಳ್ಳುವ ಅಮೆರಿಕನ್ನರಲ್ಲಿ ಡೀಸೆಲಿನ ಹೆಸರು ಬಹುಕಾಲ ಕೆಟ್ಟೇ ಇತ್ತು.

ಇಂದಿನ ಎಂಜಿನ್‌ಗಳು ಅವಕ್ಕಿಂತ ಎಷ್ಟೋ ಮೇಲು. ಆದರೂ ಒಂದು ವಿವರ ನೋಡಿ: 2020ರ ಡ್ಯೂರಾಮ್ಯಾಕ್ಸಿನ ಎಣ್ಣೆ ಪಂಪನ್ನು ಓಡಿಸುವ ಪಟ್ಟಿಯನ್ನು 1,50,000 ಮೈಲಿಗೊಮ್ಮೆ, ಅಂದರೆ ಸುಮಾರು 2.4 ಲಕ್ಷ ಕಿಲೋಮೀಟರಿಗೊಮ್ಮೆ ಬದಲಿಸಬೇಕು. ಅದು ಎಂಜಿನ್ನಿನ ಹಿಂಬದಿಯಲ್ಲಿರುವುದರಿಂದ ಗೇರುಪೆಟ್ಟಿಗೆಯನ್ನೇ ಇಳಿಸಬೇಕಾಗುತ್ತದೆ. 2023ರಲ್ಲಿ ಬಂದ ಸುಧಾರಿತ ಎಂಜಿನ್ನಿನಲ್ಲಿ ಈ ಅವಧಿಯನ್ನು 2,00,000 ಮೈಲಿಗೆ ಏರಿಸಿದರು. ದೀರ್ಘಾಯುಷ್ಯಕ್ಕೆಂದು ಡೀಸೆಲ್ ಕೊಳ್ಳುವವನು ಈ ಖರ್ಚನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು.

ಹೊಗೆಯ ಬೆಲೆ

ಇದುವರೆಗಿನ ಲೆಕ್ಕದಲ್ಲಿ ಕೊಳ್ಳುವವನೊಬ್ಬನೇ ಇದ್ದ. ಉಸಿರಾಡುವವರು ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಡೀಸೆಲ್ ಹೊಗೆಯನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತವಾದ ವಸ್ತುಗಳ ಪಟ್ಟಿಗೆ ಸೇರಿಸಿತು.

ಡೀಸೆಲಿನ ಗುಣವೇ ಇಲ್ಲಿ ದೋಷವಾಗುತ್ತದೆ. ಅತಿ ಒತ್ತಡ, ಅತಿ ತಾಪ ಮತ್ತು ಹೆಚ್ಚುವರಿ ಆಕ್ಸಿಜನ್ ಇರುವಲ್ಲಿ ಗಾಳಿಯ ನೈಟ್ರೋಜನ್ ಕೂಡ ಉರಿದು ನೈಟ್ರೋಜನ್ ಆಕ್ಸೈಡುಗಳಾಗುತ್ತವೆ. ಇಂಧನದ ಹನಿಗಳು ಗಾಳಿಯೊಡನೆ ಸರಿಯಾಗಿ ಬೆರೆಯದ ಕಡೆ ಮಸಿಯ ಕಣಗಳು ಹುಟ್ಟುತ್ತವೆ. ಪೆಟ್ರೋಲ್ ವಾಹನದಲ್ಲಿ ನೈಟ್ರೋಜನ್ ಆಕ್ಸೈಡನ್ನು ಅಡಗಿಸುವ ಕ್ರಿಯಾವರ್ಧಕ, ಹೊಗೆಯಲ್ಲಿ ಆಕ್ಸಿಜನ್ ಉಳಿದಿರುವ ಡೀಸೆಲಿನಲ್ಲಿ ಆ ಕೆಲಸ ಮಾಡಲಾರದು. ಆದ್ದರಿಂದ ಆಧುನಿಕ ಡೀಸೆಲ್ ತನ್ನ ಹಿಂದೆ ಒಂದು ಸಣ್ಣ ರಾಸಾಯನಿಕ ಕಾರ್ಖಾನೆಯನ್ನೇ ಕಟ್ಟಿಕೊಂಡು ಓಡುತ್ತದೆ. ಮಸಿ ಹಿಡಿಯಲು ಶೋಧಕ, ಹಿಡಿದ ಮಸಿಯನ್ನು ಆಗಾಗ ಸುಮಾರು 600 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಸುಡುವ ಏರ್ಪಾಡು, ಶೇಕಡಾ 32.5 ಯೂರಿಯಾ ಇರುವ ದ್ರಾವಣದ ಟ್ಯಾಂಕು. ಯೂರಿಯಾದಿಂದ ಹುಟ್ಟುವ ಅಮೋನಿಯಾ ನೈಟ್ರೋಜನ್ ಆಕ್ಸೈಡನ್ನು ನಿರುಪದ್ರವಿ ನೈಟ್ರೋಜನ್ ಮತ್ತು ನೀರಾಗಿ ಮಾರ್ಪಡಿಸುತ್ತದೆ.

ಈ ಕಾರ್ಖಾನೆ ಚೆನ್ನಾಗಿ ನಡೆಯುವುದು ಕಾದಾಗ ಮಾತ್ರ. ದೂರ ಎಳೆಯುವ ಟ್ರಕ್ಕಿನಲ್ಲಿ ಅದು ಸದಾ ಕಾದಿರುತ್ತದೆ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಶಾಲೆಗೆ ಹೋಗುವ ಖಾಲಿ ಪಿಕಪ್‌ನಲ್ಲಿ ಕಾಯುವ ಮೊದಲೇ ಪಯಣ ಮುಗಿದಿರುತ್ತದೆ. ಶೋಧಕ ಕಟ್ಟಿಕೊಳ್ಳುತ್ತದೆ, ಅದನ್ನು ಸುಡಲು ಹೆಚ್ಚು ಇಂಧನ ಚಿಮ್ಮಿಸಬೇಕಾಗುತ್ತದೆ.

ಪ್ರಯೋಗಶಾಲೆಯಲ್ಲಿ ಮಾತ್ರ ಈ ವ್ಯವಸ್ಥೆ ಪೂರ್ಣವಾಗಿ ನಡೆದು, ರಸ್ತೆಯಲ್ಲಿ ಸಡಿಲವಾದರೆ? ಫೋಕ್ಸ್‌ವ್ಯಾಗನ್ ಕಾರುಗಳ ವಿಷಯದಲ್ಲಿ 2015ರ ಸೆಪ್ಟೆಂಬರಿನಲ್ಲಿ ಬಯಲಾದದ್ದು ಇದೇ. ಪಿಕಪ್‌ಗಳೂ ಹೊರತಾಗಲಿಲ್ಲ. 2014ರಿಂದ 2016ರವರೆಗಿನ ರ‍್ಯಾಮ್ 1500 ಮತ್ತು ಜೀಪ್ ಡೀಸೆಲ್‌ಗಳ ಬಗೆಗಿನ ಇಂಥ ಆರೋಪವನ್ನು 2019ರ ಜನವರಿಯಲ್ಲಿ ಫಿಯಟ್ ಕ್ರೈಸ್ಲರ್ 30.5 ಕೋಟಿ ಡಾಲರ್ ಸಿವಿಲ್ ದಂಡದೊಡನೆ ಇತ್ಯರ್ಥ ಮಾಡಿಕೊಂಡಿತು. 2022ರಲ್ಲಿ ಕಂಪನಿಯ ಅಮೆರಿಕ ಘಟಕ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಭಾರಿ ರ‍್ಯಾಮ್ ಪಿಕಪ್‌ಗಳಿಗೆ ಎಂಜಿನ್ ಒದಗಿಸುವ ಕಮಿನ್ಸ್, ತನ್ನ ಮೇಲಿನ ಆರೋಪವನ್ನು ಇತ್ಯರ್ಥಪಡಿಸಲು 167.5 ಕೋಟಿ ಡಾಲರ್ ದಂಡ ತೆರಲು 2023ರ ಡಿಸೆಂಬರಿನಲ್ಲಿ ಒಪ್ಪಿತು. ತಪ್ಪನ್ನು ಅದು ಒಪ್ಪಿಕೊಳ್ಳಲಿಲ್ಲ.

ಅಮೆರಿಕದ ನಿಯಮ 2000ದ ದಶಕದಿಂದ ಪೆಟ್ರೋಲ್ ಮತ್ತು ಡೀಸೆಲ್ ಎರಡಕ್ಕೂ ಒಂದೇ ಮಿತಿ ಹಾಕಿತು. ಯುರೋಪಿನ ನಿಯಮ ನೈಟ್ರೋಜನ್ ಆಕ್ಸೈಡಿನ ವಿಷಯದಲ್ಲಿ ಡೀಸೆಲ್ ಕಾರಿಗೆ ಸಡಿಲ ಕೊಟ್ಟಿತು. ನಮ್ಮ ಭಾರತ್ ಸ್ಟೇಜ್ ನಿಯಮಗಳೂ ಅದೇ ದಾರಿ ಹಿಡಿದವು. ಯುರೋಪಿನಲ್ಲಿ, ನಮ್ಮಲ್ಲಿ ಡೀಸೆಲ್ ಕಾರು ಹಬ್ಬಿ ಅಲ್ಲಿ ಹಬ್ಬದಿರಲು ಇದೂ ಒಂದು ಕಾರಣ. ನಿಯಮ ಸಮನಾದಾಗ ಡೀಸೆಲಿನ ನಿಜವಾದ ವೆಚ್ಚ ಕಾಣಿಸುತ್ತದೆ.

ಹಾಗಾದರೆ ತೀರ್ಪು?

ಒಂದು ಟನ್ ವರ್ಗದ ಭಾರಿ ಪಿಕಪ್‌ಗಳಲ್ಲಿ ಡೀಸೆಲಿಗೆ ಅರ್ಥವಿದೆ. ದಿನವಿಡೀ ಎಳೆಯುವುದೇ ಅವುಗಳ ಕಸುಬು. ಹೊಗೆ ಶುದ್ಧೀಕರಣ ಪ್ರಾಮಾಣಿಕವಾಗಿರಬೇಕು ಎಂಬುದೊಂದೇ ಷರತ್ತು. ಅರ್ಧ ಟನ್ ಪಿಕಪ್‌ನಲ್ಲಿ ಡೀಸೆಲ್ ಆಯ್ಕೆ ಅರ್ಥಪೂರ್ಣವಾಗುವುದು ಒಬ್ಬ ಬಳಕೆದಾರನಿಗೆ ಮಾತ್ರ: ಮಧ್ಯಮ ಭಾರವನ್ನು ಪದೇ ಪದೇ ದೂರ ಎಳೆಯುವವನಿಗೆ. ನಗರದಲ್ಲಿ ಬಹುಪಾಲು ಖಾಲಿ ಓಡಿಸುವವನು ಬೇರೆ ದಾರಿ ನೋಡುವುದು ಮೇಲು. ಫೋರ್ಡ್ 2021ರ ಮಾದರಿಯಲ್ಲಿ ತಂದ ಹೈಬ್ರಿಡ್ ಎಫ್-150 ಪೆಟ್ರೋಲಿನಲ್ಲೇ, 430 ಅಶ್ವಶಕ್ತಿಯೊಡನೆ, ಗ್ಯಾಲನ್ನಿಗೆ ಸರಾಸರಿ 25 ಮೈಲಿ ಕೊಟ್ಟಿತು. ಅಂದರೆ ಡೀಸೆಲ್ ಕೊಟ್ಟಷ್ಟೇ ಮೈಲಿ, ಮೈಲಿಗೆ 355 ಗ್ರಾಂ ಮಾತ್ರ ಕಾರ್ಬನ್ ಡೈಆಕ್ಸೈಡ್. ಅದೇ ವರ್ಷ ಎಫ್-150ರ ಡೀಸೆಲ್ ನಿಂತದ್ದು ಆಶ್ಚರ್ಯವೇನಲ್ಲ.

ಈ ಲೆಕ್ಕವನ್ನು ತರಗತಿಯಲ್ಲಿ ಮಾಡಿಸಲು ಅಧ್ಯಾಪಕರಿಗೆ ಹೆಚ್ಚಿನ ಸಲಕರಣೆ ಬೇಡ. ಪೆಟ್ರೋಲ್ ಲೀಟರಿಗೆ 2.35 ಕಿಲೋಗ್ರಾಂ, ಡೀಸೆಲ್ ಲೀಟರಿಗೆ 2.69 ಕಿಲೋಗ್ರಾಂ ಕಾರ್ಬನ್ ಡೈಆಕ್ಸೈಡ್ ಎಂದು ಕಪ್ಪುಹಲಗೆಯ ಮೇಲೆ ಬರೆಯಿರಿ. ಎರಡೂ ಬಗೆಯ ಎಂಜಿನ್‌ಗಳಲ್ಲಿ ಸಿಗುವ ಯಾವುದಾದರೂ ವಾಹನದ ಮೈಲೇಜನ್ನು ವಿದ್ಯಾರ್ಥಿಗಳೇ ಪತ್ತೆಮಾಡಿ ಭಾಗಿಸಲಿ. ಆಮೇಲೆ ಮೂರು ಪ್ರಶ್ನೆ ಕೇಳಿ: ಈ ವಾಹನ ದಿನಕ್ಕೆ ಎಷ್ಟು ಹೊತ್ತು ಹೊರೆ ಹೊರುತ್ತದೆ? ಒಂದು ಸಲಕ್ಕೆ ಎಷ್ಟು ದೂರ ಓಡುತ್ತದೆ? ಅದರ ಹಿಂದೆ ನಡೆದುಹೋಗುವವರು ಯಾರು? ಎಂಜಿನ್ ಒಳ್ಳೆಯದೋ ಕೆಟ್ಟದ್ದೋ ಎಂಬುದಕ್ಕೆ ಉತ್ತರ ಸಿಗುವುದು ಈ ಮೂರಕ್ಕೂ ಉತ್ತರ ಸಿಕ್ಕ ಮೇಲೆಯೇ.